ಭೌತಶಾಸ್ತ್ರದ ಡಾಕ್ಟರೇಟಿಗೆ ಮುನ್ನ: ಪದವಿ ಮಾರ್ಗಗಳ ವಿಚಾರ

ಪ್ರೌಢಶಾಲೆಯಲ್ಲಿ ಗಣಿತ ವಿಜ್ಞಾನಗಳಲ್ಲಿ ಚುರುಕೆನಿಸಿದ ವಿದ್ಯಾರ್ಥಿಯು ಇಂಜಿನಿಯರನಾಗಬೇಕು, ಇಲ್ಲವೇ ವೈದ್ಯನಾಗಬೇಕು ಎಂಬುದು ಇಂದು ಗ್ರಾಮಾಂತರದ ಮನೆಗಳಲ್ಲಿಯೂ ತೀರ್ಮಾನವಾಗಿಹೋದ ಮಾತಾಗಿದೆ. ಆದರೂ ಪ್ರತಿಯೊಂದು ಶಾಲೆಯಲ್ಲಿಯೂ ಕೆಲವು ವರ್ಷಗಳಿಗೊಮ್ಮೆಯಾದರೂ ಈ ಎರಡಕ್ಕೂ ಮನಸ್ಸು ಒಲಿಯದ ಒಬ್ಬ ಹುಡುಗನೋ ಹುಡುಗಿಯೋ ಕಾಣಿಸಿಕೊಳ್ಳುವುದುಂಟು. ಅಯಸ್ಕಾಂತವು ಕಬ್ಬಿಣವನ್ನು ಸೆಳೆದು ತಾಮ್ರವನ್ನೇಕೆ ಸೆಳೆಯದು, ನಕ್ಷತ್ರವು ಇಷ್ಟು ಕಾಲ ಹೇಗೆ ಉರಿಯುತ್ತದೆ ಎಂಬ ಪ್ರಶ್ನೆಗಳು ಪರೀಕ್ಷೆ ಮುಗಿದ ಮೇಲೂ ಇಂಥವರನ್ನು ಬಿಡುವುದಿಲ್ಲ. "ಭೌತಶಾಸ್ತ್ರ ಓದುತ್ತೇನೆ, ಮುಂದೆ ಸಂಶೋಧನೆ ಮಾಡುತ್ತೇನೆ" ಎಂದು ಮಗು ಹೇಳಿದಾಗ ತಂದೆತಾಯಿಗಳು ಸಹಜವಾಗಿಯೇ ಶಾಲೆಯ ಗುರುಗಳ ಕಡೆಗೆ ತಿರುಗುತ್ತಾರೆ. "ಬಿ.ಎಸ್‌ಸಿ. ಮಾಡಲಿ, ಆಮೇಲೆ ಎಂ.ಎಸ್‌ಸಿ., ಆಮೇಲೆ ನೋಡೋಣ" ಎಂಬುದು ಗುರುಗಳು ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರ. ಒಂದು ತಲೆಮಾರಿನ ಹಿಂದೆ ಈ ಉತ್ತರವು ಬಹುಮಟ್ಟಿಗೆ ಸರಿಯಾಗಿತ್ತು. ಏಕೆಂದರೆ ಬೇರೆ ದಾರಿಗಳು ಇರಲೇ ಇಲ್ಲವೆನ್ನಬಹುದು. ಇಂದು ದಾರಿಗಳು ಹಲವಾಗಿವೆ. ಅವುಗಳಲ್ಲಿ ಕೆಲವು ದ್ವಿತೀಯ ಪಿ.ಯು.ಸಿ. ಮುಗಿಯುವ ಮುನ್ನವೇ ಅರ್ಜಿ ಕೇಳುತ್ತವೆ. "ಆಮೇಲೆ ನೋಡೋಣ" ಎಂದವರಿಗೆ ಆಮೇಲೆ ನೋಡಲು ಆ ದಾರಿಯೇ ಉಳಿದಿರುವುದಿಲ್ಲ.

ಡಾಕ್ಟರೇಟ್ ಅಧ್ಯಯನವೆಂದರೆ ಮತ್ತೊಂದು ದೊಡ್ಡ ಪರೀಕ್ಷೆಯಲ್ಲವೆಂಬುದನ್ನು ಮೊದಲೇ ಹೇಳುವುದು ಒಳ್ಳೆಯದು. ಯಾರಿಗೂ ಉತ್ತರ ತಿಳಿಯದ ಒಂದು ಚಿಕ್ಕ ಪ್ರಶ್ನೆಯನ್ನು ಹಿಡಿದು, ಮಾರ್ಗದರ್ಶಕರ ನೆರಳಿನಲ್ಲಿ ನಾಲ್ಕಾರು ವರ್ಷ ದುಡಿದು, ದೊರೆತ ಉತ್ತರವನ್ನು ಮಹಾಪ್ರಬಂಧವಾಗಿ ಬರೆದು ವಿದ್ವಾಂಸರ ಮುಂದೆ ಸಮರ್ಥಿಸುವ ಕಾರ್ಯ ಅದು. ಈ ಕಾರ್ಯಕ್ಕೆ ಇಳಿಯುವ ಮುನ್ನ ವಿದ್ಯಾರ್ಥಿಯ ಬಳಿ ಇರಲೇಬೇಕಾದ ಬಂಡವಾಳ ಯಾವ ದೇಶದಲ್ಲಿಯಾದರೂ ಒಂದೇ. ಕ್ಲಾಸಿಕಲ್ ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಮ್ ಮೆಕ್ಯಾನಿಕ್ಸ್, ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂಬ ನಾಲ್ಕು ಕಂಬಗಳು. ಅವುಗಳಿಗೆ ಬೇಕಾದ ಗಣಿತ. ಪ್ರಯೋಗಾಲಯದಲ್ಲಿ ಕೈ ಪಳಗಿರುವುದು. ಇಂದಿನ ಕಾಲಕ್ಕೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಅಭ್ಯಾಸ. ಯಾವ ಮಾರ್ಗದಿಂದ ಬಂದರೂ ಈ ಬಂಡವಾಳವಿಲ್ಲದೆ ಮುಂದಕ್ಕೆ ಹೋಗಲಾಗದು. ಆದುದರಿಂದ ಪದವಿಯ ಹೆಸರಿಗಿಂತ, ಆ ಪದವಿಯೊಳಗೆ ಇವನ್ನೆಲ್ಲ ಎಷ್ಟು ಆಳವಾಗಿ ಕಲಿಸುತ್ತಾರೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಹಿರಿಯರ ಉದಾಹರಣೆಗಳನ್ನು ನೋಡಿದರೂ ಮಾರ್ಗ ಒಂದೇ ಬಗೆಯದಾಗಿರಲಿಲ್ಲವೆಂದು ತಿಳಿಯುತ್ತದೆ. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಇಂಟರ್‌ಮೀಡಿಯೆಟ್ ತರಗತಿಯನ್ನು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಓದಿದರು, ಬಿ.ಎಸ್‌ಸಿ. ಅನಂತಪುರದಲ್ಲಿ, ಎಂ.ಎಸ್‌ಸಿ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಆ ಬಳಿಕ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಸಿಸಿ, 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಸಂಶೋಧನೆ ನಡೆಸಿದ ಸಂಸ್ಥೆಯೊಂದು, ಪದವಿ ಕೊಟ್ಟ ವಿಶ್ವವಿದ್ಯಾಲಯವೊಂದು ಎಂಬ ಈ ವ್ಯವಸ್ಥೆ ಇಂದಿಗೂ ಎಷ್ಟೋ ಸಂಶೋಧನಾ ಸಂಸ್ಥೆಗಳಲ್ಲಿ ಉಂಟು. ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಓದುತ್ತಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂ.ಎಸ್‌ಸಿ. ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದ ಅವರು, ಎಷ್ಟೋ ವರ್ಷ ಪಾಠ ಹೇಳಿದ ಮೇಲೆ ಅಮೆರಿಕಕ್ಕೆ ಹೋಗಿ 1960ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ತಂದರು. ಕಪ್ಪುಕುಳಿಗಳ ವಿಷಯದಲ್ಲಿ ಲೋಕಪ್ರಸಿದ್ಧರಾದ ಸಿ.ವಿ. ವಿಶ್ವೇಶ್ವರ ಅವರೂ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯೇ. ಮೂರು ವರ್ಷದ ಆನರ್ಸ್, ಅದರ ಮೇಲೆ ಒಂದು ವರ್ಷದ ಎಂ.ಎಸ್‌ಸಿ. ಎಂಬುದು ಅಲ್ಲಿ ನಡೆದುಬಂದ ಕ್ರಮವಾಗಿತ್ತು. ಅದನ್ನು ಮುಗಿಸಿದ ಅವರು ಅಮೆರಿಕದ ಕೊಲಂಬಿಯಾಕ್ಕೆ ಹೋಗಿ, ಅಲ್ಲಿಂದ ಮೇರಿಲ್ಯಾಂಡಿಗೆ ಸಾಗಿ 1968ರಲ್ಲಿ ಡಾಕ್ಟರೇಟ್ ಪಡೆದರು. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಕೂಡ 1930ರಲ್ಲಿ ಶ್ರೀಮಠದ ಉತ್ತರಾಧಿಕಾರಕ್ಕೆ ಆಯ್ಕೆಯಾಗುವ ಮುನ್ನ ಇದೇ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕವಾಗಿ ಓದುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಇಂದಿನ ಮಾರ್ಗಗಳಿಗೆ ಬರೋಣ. ಮೊದಲನೆಯದು ಹಳೆಯ ರಾಜಮಾರ್ಗ: ಮೂರು ವರ್ಷದ ಬಿ.ಎಸ್‌ಸಿ., ಎರಡು ವರ್ಷದ ಎಂ.ಎಸ್‌ಸಿ., ಅನಂತರ ಪಿಎಚ್.ಡಿ. ಎರಡನೆಯದು ಬಿ.ಎಸ್‌ಸಿ. ಮುಗಿಸಿ ನೇರವಾಗಿ ಸೇರುವ ಸಂಯುಕ್ತ ಪಿಎಚ್.ಡಿ.; ಇದರಲ್ಲಿ ಎಂ.ಎಸ್‌ಸಿ. ಮಟ್ಟದ ಪಾಠವೂ ಸಂಶೋಧನೆಯೂ ಒಂದೇ ಸಂಸ್ಥೆಯಲ್ಲಿ ಒಂದೇ ಪ್ರವೇಶದಲ್ಲಿ ಸಾಗುತ್ತವೆ. ಮೂರನೆಯದು ಪಿ.ಯು.ಸಿ. ಆದೊಡನೆ ಸೇರುವ ಐದು ವರ್ಷದ ಬಿ.ಎಸ್.-ಎಂ.ಎಸ್. ಪದವಿ. ನಾಲ್ಕನೆಯದು ನಾಲ್ಕು ವರ್ಷದ ಪದವಿಯಿಂದ ಎಂ.ಎಸ್‌ಸಿ. ಇಲ್ಲದೆಯೇ ಪಿಎಚ್.ಡಿ.ಗೆ ಹಾರುವುದು. ಇಂಜಿನಿಯರಿಂಗ್ ಮುಗಿಸಿ ಭೌತಶಾಸ್ತ್ರಕ್ಕೆ ತಿರುಗುವುದು ಐದನೆಯದು. ಎಂ.ಎಸ್‌ಸಿ. ಮತ್ತು ಪಿಎಚ್.ಡಿ.ಗಳ ನಡುವೆ ಎಂ.ಫಿಲ್. ಎಂಬ ಮೆಟ್ಟಿಲೊಂದಿದ್ದುದನ್ನು ಹಿರಿಯ ಅಧ್ಯಾಪಕರು ಮರೆತಿರಲಾರರು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯು ಆ ಪದವಿಯನ್ನೇ ಕೈಬಿಟ್ಟಿತು. ಎಂ.ಫಿಲ್. ಮಾಡಿಕೊಂಡು ಮುಂದೆ ಹೋಗೆಂದು ಇಂದಿನ ವಿದ್ಯಾರ್ಥಿಗೆ ಯಾರೂ ಸಲಹೆ ಕೊಡಬಾರದು.

ಈ ಮಾರ್ಗಗಳ ಮಾತು ಬಂದಾಗ ಪಾಲಕರು ಮೊದಲು ಕೇಳುವ ಪ್ರಶ್ನೆ, "ಯಾವುದು ಬೇಗ ಮುಗಿಯುತ್ತದೆ?" ಎಂಬುದು. ಲೆಕ್ಕ ಹಾಕಿ ನೋಡಿದರೆ ಈ ಪ್ರಶ್ನೆಯಲ್ಲಿ ಹೆಚ್ಚಿನ ಹುರುಳಿಲ್ಲ. ಮೂರು ಮತ್ತು ಎರಡು ಕೂಡಿ ಐದು, ಅದರ ಮೇಲೆ ಪಿಎಚ್.ಡಿ.ಗೆ ಸುಮಾರು ಐದು: ಒಟ್ಟು ಹತ್ತು ವರ್ಷ. ಬಿ.ಎಸ್.-ಎಂ.ಎಸ್. ಮಾರ್ಗದಲ್ಲಿಯೂ ಐದು ಮತ್ತು ಐದು ಹತ್ತೇ. ಸಂಯುಕ್ತ ಪಿಎಚ್.ಡಿ.ಯಲ್ಲಿ ಬಿ.ಎಸ್‌ಸಿ.ಯ ಮೂರಕ್ಕೆ ಆರೋ ಏಳೋ ಸೇರಿ ಒಂಬತ್ತು ಹತ್ತಾಗುತ್ತದೆ. ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಹೋದವನು ಪಿಎಚ್.ಡಿ.ಯ ಮೊದಲಲ್ಲಿ ಹೆಚ್ಚು ಪಾಠಗಳನ್ನು ಕೇಳಬೇಕಾಗುವುದರಿಂದ ಅವನಿಗೂ ಬಹುಶಃ ಅಷ್ಟೇ. ಹದಿನೆಂಟರ ವಯಸ್ಸಿನಲ್ಲಿ ಹೊರಟವರು ಯಾವ ದಾರಿ ಹಿಡಿದರೂ ಇಪ್ಪತ್ತೆಂಟರ ಆಚೀಚೆ ಊರು ಮುಟ್ಟುತ್ತಾರೆ. ಉಳಿಯುವುದು ಹೆಚ್ಚೆಂದರೆ ಒಂದು ವರ್ಷ. ಆ ಒಂದು ವರ್ಷಕ್ಕಾಗಿ ತಳಪಾಯವನ್ನು ಅರೆಬರೆ ಮಾಡಿಕೊಳ್ಳುವುದು ಜಾಣತನವಲ್ಲ.

ಮಾರ್ಗಗಳ ನಡುವಿನ ನಿಜವಾದ ವ್ಯತ್ಯಾಸ ಬೇರೆ ಮೂರು ಸಂಗತಿಗಳಲ್ಲಿದೆ. ಯಾವ ವಯಸ್ಸಿನಲ್ಲಿ ನಿರ್ಧಾರ ಮಾಡಬೇಕು? ನಾಲ್ಕು ಐದನೆಯ ವರ್ಷಗಳ ವೆಚ್ಚವನ್ನು ಯಾರು ಭರಿಸುತ್ತಾರೆ? ದಾರಿಯ ನಡುವೆ ನಿಲ್ಲಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ? ಅನುಕೂಲಸ್ಥ ಪಟ್ಟಣಿಗರ ಮಕ್ಕಳಿಗೆ ಈ ಮೂರೂ ಸಣ್ಣ ಪ್ರಶ್ನೆಗಳಾಗಿರಬಹುದು. ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದುವ ರೈತರ, ನೇಕಾರರ, ಕೂಲಿಕಾರರ ಮಕ್ಕಳಿಗೆ ಇವೇ ಮುಖ್ಯ ಪ್ರಶ್ನೆಗಳು.

ಎಲ್ಲಕ್ಕಿಂತ ಮೊದಲು ಮುಚ್ಚುವ ಬಾಗಿಲು ಐದು ವರ್ಷದ ಬಿ.ಎಸ್.-ಎಂ.ಎಸ್. ಪದವಿಯದು. ಐಸರ್ ಎಂದು ಹೆಸರಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು 2006ರಲ್ಲಿ ಪುಣೆ ಮತ್ತು ಕೋಲ್ಕತ್ತಗಳಲ್ಲಿ ಆರಂಭವಾಗಿ, ಬಳಿಕ ಮೊಹಾಲಿ, ಭೋಪಾಲ, ತಿರುವನಂತಪುರ, ತಿರುಪತಿ, ಬರ್ಹಾಂಪುರಗಳಿಗೆ ಹರಡಿದವು. ಭುವನೇಶ್ವರದಲ್ಲಿ ಇದೇ ಬಗೆಯ ನೈಸರ್ ಸಂಸ್ಥೆಯಿದೆ. ಅದರ ಪ್ರವೇಶಕ್ಕೆ ನೆಸ್ಟ್ ಎಂಬ ಪ್ರತ್ಯೇಕ ಪರೀಕ್ಷೆ. ಐಸರ್‌ಗಳಿಗೆ ಐ.ಎ.ಟಿ. ಎಂಬ ಪರೀಕ್ಷೆಯುಂಟು. ಅದರಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಈ ನಾಲ್ಕರಿಂದಲೂ ಸಮನಾಗಿ ಪ್ರಶ್ನೆಗಳು ಬರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, 2011ರಿಂದ ನಾಲ್ಕು ವರ್ಷದ ಸಂಶೋಧನಾಪ್ರಧಾನ ಬ್ಯಾಚುಲರ್ ಪದವಿ ನಡೆಯುತ್ತಿದೆ. ಇಷ್ಟವಿದ್ದವರು ಐದನೆಯ ವರ್ಷವೂ ಉಳಿದು ಮಾಸ್ಟರ್ ಪದವಿ ಪಡೆಯಬಹುದು. ಇಂಥ ಸಂಸ್ಥೆಗಳ ದೊಡ್ಡ ಗುಣವೆಂದರೆ ಪಾಠ ಹೇಳುವವರೇ ಸಂಶೋಧಕರಾಗಿರುವುದು, ಮತ್ತು ಕೊನೆಯ ವರ್ಷವನ್ನು ಬಹುಪಾಲು ಸಂಶೋಧನಾ ಕಾರ್ಯಕ್ಕೇ ಮೀಸಲಿಟ್ಟಿರುವುದು. ಇಲ್ಲಿಂದ ಹೊರಟವನು ಪಿಎಚ್.ಡಿ. ಎಂದರೇನೆಂದು ಕಂಡು ಹೊರಡುತ್ತಾನೆ, ಕೇಳಿ ಹೊರಡುವುದಿಲ್ಲ.

ಆದರೆ ಈ ನಿರ್ಧಾರವನ್ನು ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಮಾಡಬೇಕು. ಸಿ.ಇ.ಟಿ., ನೀಟ್, ಜೆ.ಇ.ಇ.ಗಳ ಗದ್ದಲದಲ್ಲಿ ಈ ಪರೀಕ್ಷೆಗಳ ಹೆಸರು ತಾಲ್ಲೂಕು ಕೇಂದ್ರಗಳ ಎಷ್ಟೋ ಕಾಲೇಜುಗಳಿಗೆ ತಲುಪುವುದೇ ಇಲ್ಲ. ಪರೀಕ್ಷೆ ಕಠಿಣವಾಗಿದೆಯೆಂದು ಸೋತವರಿಗಿಂತ, ಪರೀಕ್ಷೆಯಿದೆಯೆಂದು ತಿಳಿಯದೆ ಹೊರಗುಳಿದವರು ಹೆಚ್ಚು ಎಂದರೆ ಅತಿಶಯೋಕ್ತಿಯಾಗಲಾರದು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವನ್ನೋ ಇಲೆಕ್ಟ್ರಾನಿಕ್ಸನ್ನೋ ಆಯ್ದವರಿಗೆ ಐ.ಎ.ಟಿ.ಯ ಕಾಲು ಭಾಗ ತೊಡಕಾಗುವುದೂ ಉಂಟು. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿಯೇ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮಗುವಿನ ಕಿವಿಗೆ ಈ ಮಾತನ್ನು ಹಾಕಬೇಕು. ಪಿ.ಯು. ಕಾಲೇಜಿನವರು ಹೇಳುತ್ತಾರೆಂದು ಬಿಡುವಂತಿಲ್ಲ.

ಎರಡನೆಯ ಬಾಗಿಲು ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ತೆರೆಯುತ್ತದೆ. ಊರಿನ ಹತ್ತಿರದ ಕಾಲೇಜಿನಲ್ಲಿ ಭೌತ, ರಸಾಯನ, ಗಣಿತ ಓದಿದ ವಿದ್ಯಾರ್ಥಿಯೂ ಜ್ಯಾಮ್ ಎಂಬ ಪರೀಕ್ಷೆಗೆ ಕುಳಿತು ಐ.ಐ.ಟಿ.ಗಳ ಎಂ.ಎಸ್‌ಸಿ.ಗೆ ಹೋಗಬಹುದು, ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ಎಂ.ಎಸ್‌ಸಿ.ಗೂ ಅದೇ ಪರೀಕ್ಷೆಯ ಅಂಕ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ.ಗೂ ಜ್ಯಾಮ್ ದಾರಿಯೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತನ್ನದೇ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಬೆಂಗಳೂರಿನ ಹೊರವಲಯದಲ್ಲಿರುವ ಅದರ ಸೈದ್ಧಾಂತಿಕ ವಿಜ್ಞಾನ ಕೇಂದ್ರವೂ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಜೆಸ್ಟ್ ಎಂಬ ಮತ್ತೊಂದು ಪರೀಕ್ಷೆಯನ್ನು ಹಲವು ಸಂಶೋಧನಾ ಸಂಸ್ಥೆಗಳು ಒಟ್ಟಾಗಿ ಮಾನ್ಯ ಮಾಡುತ್ತವೆ. ಕಲಬುರಗಿಯ ಬಳಿ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಎಂ.ಎಸ್‌ಸಿ.ಗೆ ಕೇಂದ್ರದ ಸಾಮಾನ್ಯ ಪ್ರವೇಶ ಪರೀಕ್ಷೆಯುಂಟು.

ಇವುಗಳಲ್ಲಿ ಬಡ ಮನೆಯ ವಿದ್ಯಾರ್ಥಿಗೆ ಅತ್ಯಂತ ಹಿತವಾದುದು ಸಂಯುಕ್ತ ಪಿಎಚ್.ಡಿ. ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕಾರಣ ಸರಳ. ಎಂ.ಎಸ್‌ಸಿ. ಮಾರ್ಗದಲ್ಲಿ ನಾಲ್ಕನೆಯ ಐದನೆಯ ವರ್ಷಗಳ ಖರ್ಚು ಮನೆಯವರ ಮೇಲೆ ಬೀಳುತ್ತದೆ. ಸಂಯುಕ್ತ ಪಿಎಚ್.ಡಿ.ಯಲ್ಲಿ ಅದೇ ಪಾಠಗಳನ್ನು ಕೇಳುತ್ತಿರುವಾಗಲೇ ಶಿಷ್ಯವೇತನ ಬರತೊಡಗುತ್ತದೆ, ವಸತಿಯೂ ದೊರೆಯುತ್ತದೆ. ನಡುವೆ ಸ್ನಾತಕೋತ್ತರ ಪದವಿಯೂ ಸೇರಿಕೊಂಡಿರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಬಿ.ಎಸ್‌ಸಿ. ಆದೊಡನೆ ಮದುವೆಯ ಮಾತು ಎತ್ತುವ ಮನೆಗಳಲ್ಲಿ, "ಇನ್ನೂ ಓದುತ್ತೇನೆ" ಎಂಬ ಮಗಳ ಮಾತಿಗಿಂತ "ತಿಂಗಳು ತಿಂಗಳು ವೇತನ ಬರುತ್ತದೆ, ನಿಮಗೆ ಹೊರೆಯಿಲ್ಲ" ಎಂಬ ಮಾತಿಗೆ ತೂಕ ಜಾಸ್ತಿ. ಇದು ಹೆಮ್ಮೆಪಡುವ ಸಂಗತಿಯಲ್ಲದಿದ್ದರೂ ನಿಜ. ಈ ಮಾರ್ಗದ ದೋಷವೆಂದರೆ ಸ್ಥಾನಗಳು ಬಹಳ ಕಡಿಮೆ. ಇಪ್ಪತ್ತೊಂದರ ವಯಸ್ಸಿನಲ್ಲಿಯೇ ಒಂದೇ ಸಂಸ್ಥೆಗೆ ಆರೇಳು ವರ್ಷ ಕಟ್ಟುಬೀಳಬೇಕು. ತನಗೆ ಸಂಶೋಧನೆ ಒಗ್ಗುವುದೋ ಇಲ್ಲವೋ ಎಂದು ಅನುಮಾನವಿರುವವರು ಇದಕ್ಕೆ ಆತುರಪಡಬಾರದು.

ಕರ್ನಾಟಕದ ಬಿ.ಎಸ್‌ಸಿ.ಯ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಮೂರು ವಿಷಯಗಳನ್ನು ಸರಿಸಮವಾಗಿ ಓದಿಸುವ ಪದ್ಧತಿ ಇಲ್ಲಿ ಬಹುಕಾಲದಿಂದ ಬಂದದ್ದು. ವಿದ್ಯಾರ್ಥಿಯ ಬುನಾದಿ ಅಗಲವಾಗುತ್ತದೆ, ಮುಂದೆ ಪ್ರೌಢಶಾಲೆಯ ಶಿಕ್ಷಕನಾಗುವವನಿಗೆ ಬಹಳ ಉಪಯುಕ್ತವೂ ಹೌದು. ಆದರೆ ಭೌತಶಾಸ್ತ್ರಕ್ಕೆ ದೊರೆಯುವ ಸಮಯ ಮೂರರಲ್ಲೊಂದು ಪಾಲು. ಆನರ್ಸ್ ಪದ್ಧತಿಯಲ್ಲಿ ಒಂದೇ ವಿಷಯವನ್ನು ಓದಿ ಬಂದ ದೆಹಲಿ, ಕೋಲ್ಕತ್ತದ ಹುಡುಗರೊಡನೆ ಜ್ಯಾಮ್‌ನಲ್ಲಿ ಸ್ಪರ್ಧಿಸುವಾಗ ಧಾರವಾಡ, ದಾವಣಗೆರೆ, ಕಲಬುರಗಿಯ ವಿದ್ಯಾರ್ಥಿ ಹಿಂದೆ ಬೀಳುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ; ಕಲಿಕೆಯ ಗಂಟೆಗಳ ಕೊರತೆ ಕಾರಣ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ತೊಡಕು. ಈ ಕೊರತೆಯನ್ನು ಪದವಿಯ ಮೊದಲ ವರ್ಷದಿಂದಲೇ ತುಂಬಿಕೊಳ್ಳಲು ಸಾಧ್ಯವಿದೆ. ಐ.ಐ.ಟಿ. ಪ್ರಾಧ್ಯಾಪಕರ ಪೂರ್ಣ ಪಾಠಮಾಲೆಗಳು ಎನ್‌ಪಿಟೆಲ್ ಯೋಜನೆಯ ಮೂಲಕ ಯಾವ ಶುಲ್ಕವೂ ಇಲ್ಲದೆ ಕೇಳಸಿಗುತ್ತವೆ, ಮದರಾಸು ಐ.ಐ.ಟಿ.ಯ ವಿ. ಬಾಲಕೃಷ್ಣನ್ ಅವರ ಉಪನ್ಯಾಸಗಳು ಅವುಗಳಲ್ಲಿ ಪ್ರಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಡನೆ ಸೇರಿ ನಡೆಸುತ್ತ ಬಂದಿರುವ ಬೇಸಿಗೆಯ ಸಂಶೋಧನಾ ಶಿಷ್ಯವೃತ್ತಿಯು ಸಣ್ಣ ಊರಿನ ವಿದ್ಯಾರ್ಥಿಗೆ ಎರಡು ತಿಂಗಳ ಕಾಲ ನಿಜವಾದ ಪ್ರಯೋಗಾಲಯವನ್ನು ತೋರಿಸುತ್ತದೆ. ಇಷ್ಟಾಗಿಯೂ ಲೆಕ್ಕಗಳನ್ನು ಸ್ವತಃ ಬಿಡಿಸದ ಹೊರತು ಭೌತಶಾಸ್ತ್ರ ಯಾರಿಗೂ ಬಂದದ್ದಿಲ್ಲ. ಗೈಡುಗಳನ್ನು ಓದಿ ಎಂಬತ್ತು ಅಂಕ ಪಡೆಯುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಹಳೆಯ ಎಂ.ಎಸ್‌ಸಿ. ಮಾರ್ಗವನ್ನು ಹಳತೆಂದು ಹೀಗಳೆಯುವವರಿದ್ದಾರೆ. ಅದು ಸರಿಯಲ್ಲ. ತಡವಾಗಿ ಕಣ್ಣು ತೆರೆದವರನ್ನೂ ಒಳಗೆ ಬಿಟ್ಟುಕೊಳ್ಳುವ ಮಾರ್ಗ ಇದೊಂದೇ. ಹದಿನೇಳರಲ್ಲಿ ಐ.ಎ.ಟಿ. ಹೆಸರು ಕೇಳದವನು, ಇಪ್ಪತ್ತರಲ್ಲಿ ಜ್ಯಾಮ್‌ನಲ್ಲಿ ಸೋತವನು, ರಾಜ್ಯದ ಒಂದು ವಿಶ್ವವಿದ್ಯಾಲಯದ ಎಂ.ಎಸ್‌ಸಿ.ಯಲ್ಲಿ ಎರಡು ವರ್ಷ ಕ್ರಮವಾಗಿ ಓದಿ ಇಪ್ಪತ್ಮೂರರಲ್ಲಿ ಒಳ್ಳೆಯ ಸಂಸ್ಥೆಯನ್ನು ಸೇರಬಹುದು. ಸೇರಿದವರು ಎಷ್ಟೋ ಜನರಿದ್ದಾರೆ. ಕೈಯಲ್ಲಿ ಎಂ.ಎಸ್‌ಸಿ. ಪದವಿಯಿದ್ದರೆ ಸಂಶೋಧನೆ ಕೈಗೂಡದಿದ್ದರೂ ಬದುಕು ನಿಲ್ಲುವುದಿಲ್ಲ. ಬಿ.ಎಡ್. ಸೇರಿಸಿಕೊಂಡು ಪಿ.ಯು. ಉಪನ್ಯಾಸಕನಾಗಬಹುದು, ನೆಟ್ ಅಥವಾ ಕೆ-ಸೆಟ್ ಆದರೆ ಪದವಿ ಕಾಲೇಜಿನ ಹುದ್ದೆಗೆ ಅರ್ಹನಾಗುತ್ತಾನೆ.

ಇದೇ ಕಾರಣಕ್ಕಾಗಿ ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಪಿಎಚ್.ಡಿ.ಗೆ ಹಾರುವ ಮಾರ್ಗವನ್ನು ಎಚ್ಚರದಿಂದ ನೋಡಬೇಕಾಗಿದೆ. 2022ರ ನಿಯಮಾವಳಿಯು ನಾಲ್ಕು ವರ್ಷದ ಪದವಿಯಲ್ಲಿ ಕನಿಷ್ಠ 75 ಶೇಕಡಾ ಅಂಕ ಪಡೆದವರು ನೇರವಾಗಿ ಪಿಎಚ್.ಡಿ. ಸೇರಬಹುದೆಂದು ಹೇಳಿತು, ಸ್ನಾತಕೋತ್ತರ ಪದವೀಧರರಿಗಾದರೆ 55 ಸಾಕು. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024ರ ಮೇ ತಿಂಗಳ ಸರ್ಕಾರಿ ಆದೇಶದಿಂದ 2024-25ರಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿಯೇ ಜಾರಿಗೆ ಬಂದಿತು. ಹೀಗಾಗಿ ಒಂದೇ ಮನೆಯ ಅಣ್ಣನಿಗೊಂದು ಪದ್ಧತಿ, ತಮ್ಮನಿಗೊಂದು ಪದ್ಧತಿ ಎಂಬಂತಾಗಿದೆ. ನೇರ ಮಾರ್ಗ ಸೇರಿದ ವಿದ್ಯಾರ್ಥಿ ಮೂರನೆಯ ವರ್ಷದಲ್ಲಿ ಅನಾರೋಗ್ಯದಿಂದಲೋ ಮನೆಯ ತೊಂದರೆಯಿಂದಲೋ ಮಾರ್ಗದರ್ಶಕರೊಡನೆ ಹೊಂದಿಕೆಯಾಗದೆಯೋ ಪಿಎಚ್.ಡಿ. ಬಿಡಬೇಕಾದರೆ, ಸಂಸ್ಥೆ ನಡುವೆ ಮಾಸ್ಟರ್ ಪದವಿ ಕೊಡದಿದ್ದಲ್ಲಿ, ಅವನ ಕೈಯಲ್ಲಿ ಉಳಿಯುವುದು ಬ್ಯಾಚುಲರ್ ಪದವಿ ಮಾತ್ರ. ಪಿ.ಯು. ಉಪನ್ಯಾಸಕನ ಹುದ್ದೆಗೂ ಅರ್ಜಿ ಹಾಕಲಾಗದು. ಅಷ್ಟೇ ಅಲ್ಲ, ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಆಯೋಗವು 2018ರಲ್ಲಿ ಹೊರಡಿಸಿದ ನಿಯಮವು ಮೊದಲ ಅರ್ಹತೆಯಾಗಿ ಹೇಳಿದ್ದು 55 ಶೇಕಡಾ ಅಂಕಗಳ ಸ್ನಾತಕೋತ್ತರ ಪದವಿಯನ್ನೇ, ಪಿಎಚ್.ಡಿ.ಯು ಅಲ್ಲಿ ನೆಟ್ ಪರೀಕ್ಷೆಯಿಂದ ವಿನಾಯಿತಿ ಕೊಡುವ ಪದವಿಯಾಗಿ ಬರುತ್ತದೆ. ಬೋಧನೆಯ ವೃತ್ತಿಯನ್ನೇ ಕಣ್ಣ ಮುಂದೆ ಇಟ್ಟುಕೊಂಡಿರುವ ವಿದ್ಯಾರ್ಥಿ ಇದನ್ನು ಮರೆಯಬಾರದು. ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಎಂ.ಎಸ್‌ಸಿ. ಪಡೆಯುವ ಅವಕಾಶವನ್ನೂ ಹೊಸ ವ್ಯವಸ್ಥೆ ಕಲ್ಪಿಸಿದೆ. ಅನುಕೂಲವಿದ್ದಲ್ಲಿ ಆ ಒಂದು ವರ್ಷವನ್ನು ವ್ಯಯಿಸುವುದೇ ಮೇಲು. ಹಳೆಯ ಸೆಂಟ್ರಲ್ ಕಾಲೇಜಿನ ಆನರ್ಸ್ ಕ್ರಮವೇ ಒಂದು ವರ್ಷ ಉದ್ದವಾಗಿ ಹಿಂತಿರುಗಿ ಬಂದಂತಿದೆ.

ಇಂಜಿನಿಯರಿಂಗಿನಿಂದ ತಿರುಗುವವರ ವಿಷಯದಲ್ಲಿ ಹೋಮಿ ಭಾಭಾ ಅವರ ಉದಾಹರಣೆಯನ್ನು ಎಲ್ಲರೂ ಹೇಳುತ್ತಾರೆ. ಮಗನು ಜಮ್‌ಶೇಡ್‌ಪುರದ ಉಕ್ಕಿನ ಕಾರ್ಖಾನೆಗೆ ಇಂಜಿನಿಯರನಾಗಲೆಂಬುದು ತಂದೆಯ ಆಸೆಯಾಗಿತ್ತು. ಕೇಂಬ್ರಿಜ್‌ನಲ್ಲಿ 1930ರಲ್ಲಿ ಮೆಕ್ಯಾನಿಕಲ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿಕೊಟ್ಟ ಮೇಲೆಯೇ ಅವರಿಗೆ ಗಣಿತ ಓದಲು ಮನೆಯಿಂದ ಒಪ್ಪಿಗೆ ಸಿಕ್ಕಿತು. 1935ರ ವೇಳೆಗೆ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಆಯಿತು. ಯುದ್ಧದ ಕಾರಣದಿಂದ ಭಾರತದಲ್ಲಿಯೇ ಉಳಿದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಅವರು 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದ್ದು ಅಲ್ಲಿಯೇ. ಉದಾಹರಣೆ ಹೇಳುವವರು ಬಿಟ್ಟುಬಿಡುವ ಅಂಶವೆಂದರೆ, ಇಂಜಿನಿಯರಿಂಗಿಗೂ ಡಾಕ್ಟರೇಟಿಗೂ ನಡುವೆ ಭಾಭಾ ಅವರು ಗಣಿತದ ಪದವಿ ಪರೀಕ್ಷೆಗೂ ಕುಳಿತು ಅದರಲ್ಲಿಯೂ ಪ್ರಥಮ ದರ್ಜೆ ಪಡೆದರು ಎಂಬುದು. ಇಂದು ಬಿ.ಇ. ಪದವೀಧರನಿಗೆ ಹಲವು ಸಂಸ್ಥೆಗಳ ಬಾಗಿಲು ತೆರೆದಿದೆ ನಿಜ. ಆದರೆ ಕ್ವಾಂಟಮ್ ಮೆಕ್ಯಾನಿಕ್ಸನ್ನೂ ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸನ್ನೂ ತಾನಾಗಿ ಕಲಿಯುವ ಛಲ ಅವನಲ್ಲಿರಬೇಕು. "ಮೊದಲು ಬಿ.ಇ. ಮಾಡು, ಆಮೇಲೆ ಬೇಕಾದರೆ ಭೌತಶಾಸ್ತ್ರ" ಎಂದು ಮನೆಯವರನ್ನು ಸಮಾಧಾನಪಡಿಸಲು ಮಾತ್ರ ಈ ದಾರಿ ಹಿಡಿಯುವುದು ದುಬಾರಿಯಾದೀತು. ಶುಲ್ಕಕ್ಕೆಂದು ಮಾಡಿದ ಬ್ಯಾಂಕ್ ಸಾಲವು ಪದವಿಯ ಮರುವರ್ಷವೇ ಕಂತು ಕೇಳುತ್ತದೆ. ಕಂತು ಕಟ್ಟಲು ಕಂಪನಿ ಸೇರಿದವರಲ್ಲಿ ಮರಳಿ ಬರುವವರು ಕಡಿಮೆ.

ವಿದೇಶದ ಮಾತು ಸಂಕ್ಷೇಪವಾಗಿ ಹೀಗಿದೆ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಯಾದ ಮೇಲೆ ನೇರವಾಗಿ ಪಿಎಚ್.ಡಿ. ಸೇರುವುದು ರೂಢಿ, ಶುಲ್ಕ ಮನ್ನಾ ಆಗಿ, ಬೋಧನಾ ಸಹಾಯಕನ ಕೆಲಸಕ್ಕೆ ವೇತನವೂ ಸಿಗುತ್ತದೆ. ಮೂರು ವರ್ಷದ ಬಿ.ಎಸ್‌ಸಿ. ಮಾತ್ರ ಅಲ್ಲಿಗೆ ಸಾಮಾನ್ಯವಾಗಿ ಸಾಲದು. ಎಂ.ಎಸ್‌ಸಿ. ಮುಗಿಸಿ ಹೋದವರೂ ಬಹಳ ಕಡೆ ಮೊದಲ ವರ್ಷದ ಪಾಠಗಳನ್ನು ಮತ್ತೊಮ್ಮೆ ಕೇಳಬೇಕಾಗುತ್ತದೆ. ಜರ್ಮನಿಯಲ್ಲಿ ಎಂ.ಎಸ್‌ಸಿ. ಇಲ್ಲದೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಇದ್ದವರು ಮೂರು ನಾಲ್ಕು ವರ್ಷಗಳಲ್ಲಿ ಮುಗಿಸುತ್ತಾರೆ.

ಹಣದ ವಿಚಾರವನ್ನು ಬಿಚ್ಚಿ ಹೇಳದೆ ಈ ಚರ್ಚೆ ಪೂರ್ಣವಾಗದು. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದ ಸಂಶೋಧಕನಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಶಿಷ್ಯವೇತನ ನಿಗದಿಯಾಯಿತು. ಮನೆ ಬಾಡಿಗೆ ಭತ್ಯೆ ಬೇರೆ. ಮನೆಗೂ ಸ್ವಲ್ಪ ಕಳಿಸಿ ಗೌರವದಿಂದ ಬದುಕಲು ಇದು ಸಾಕು. ಆದರೆ ಶಿಷ್ಯವೇತನವಿಲ್ಲದೆ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರ ಪಾಡು ಬೇರೆ. ಅತಿಥಿ ಉಪನ್ಯಾಸಕನಾಗಿ ಹಗಲೆಲ್ಲ ಪಾಠ ಹೇಳಿ, ಸಂಜೆ ಪ್ರಯೋಗಾಲಯಕ್ಕೆ ಓಡಿ, ಆರೇಳು ವರ್ಷ ಕಳೆದರೂ ಪ್ರಬಂಧ ಮುಗಿಯದೆ ಬಳಲುವವರನ್ನು ಅಧ್ಯಾಪಕ ವರ್ಗದ ವಾಚಕರು ಕಂಡೇ ಇದ್ದಾರೆ. ಇಂಥವರಲ್ಲಿ ಪ್ರತಿಭೆ ಕಡಿಮೆಯೆಂದಲ್ಲ, ಹೊತ್ತಿಲ್ಲ. ಶಿಷ್ಯವೇತನ ದೊರೆಯುವವರೆಗೆ ಒಂದು ವರ್ಷ ತಡೆದು ಮತ್ತೆ ಪರೀಕ್ಷೆಗೆ ಕೂರುವುದು, ಅದಿಲ್ಲದೆ ನೋಂದಣಿ ಮಾಡಿಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಆ ಒಂದು ವರ್ಷವೇ ಬಡ ವಿದ್ಯಾರ್ಥಿಯ ಪಾಲಿಗೆ ಅತ್ಯಂತ ಇಕ್ಕಟ್ಟಿನ ಕಾಲ. ಪ್ರಸಾದ ನಿಲಯದ ಅವಧಿ ಮುಗಿದಿರುತ್ತದೆ; ಶಿಷ್ಯವೇತನ ಇನ್ನೂ ಬಂದಿರುವುದಿಲ್ಲ; ಊರಿಗೆ ಮರಳಿದರೆ ಹೊಲದ ಕೆಲಸವೋ ಖಾಸಗಿ ಶಾಲೆಯ ಸಣ್ಣ ಸಂಬಳವೋ ಕಾದಿರುತ್ತದೆ. ಅರ್ಜಿ ಶುಲ್ಕ, ಸಂದರ್ಶನಕ್ಕಾಗಿ ಮುಂಬಯಿಗೋ ಪುಣೆಗೋ ಹೋಗಿಬರುವ ರೈಲು ಖರ್ಚು, ನಾಲ್ಕು ಒಳ್ಳೆಯ ಪುಸ್ತಕ, ಇರಲು ಒಂದು ಕೋಣೆ: ಇಷ್ಟು ಸಣ್ಣ ವಿಷಯಗಳಿಗಾಗಿ ಹತ್ತು ವರ್ಷಗಳ ದಾರಿ ಅರ್ಧಕ್ಕೆ ನಿಂತುಹೋಗುತ್ತದೆ. ದಾನಿಗಳ ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ಪಿ.ಯು.ಸಿ. ಅಂಕಪಟ್ಟಿಯನ್ನು ನೋಡಿ ಇಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆದವರಿಗೆ ಹೋಗುತ್ತವೆ. ಅದು ತಪ್ಪಲ್ಲ. ಆದರೆ ಒಂದು ವೈದ್ಯಕೀಯ ಸೀಟಿಗೆ ಕೊಡುವ ನೆರವಿನ ಚಿಕ್ಕದೊಂದು ಭಾಗವನ್ನು ಬಿ.ಎಸ್‌ಸಿ. ಕೊನೆಯ ವರ್ಷದ ಮತ್ತು ಎಂ.ಎಸ್‌ಸಿ. ಮುಗಿದ ಮರುವರ್ಷದ ವಿದ್ಯಾರ್ಥಿಗಳಿಗೆಂದು ಬೇರೆಯಾಗಿ ತೆಗೆದಿಟ್ಟರೆ, ಅಷ್ಟೇ ಹಣದಲ್ಲಿ ಹಲವರನ್ನು ಶಿಷ್ಯವೇತನದ ದಡಕ್ಕೆ ಮುಟ್ಟಿಸಬಹುದು. ಅಲ್ಲಿಂದ ಮುಂದೆ ಅವರಿಗೆ ಯಾರ ನೆರವೂ ಬೇಕಾಗುವುದಿಲ್ಲ. ಸಂಶೋಧನಾ ಸಂಸ್ಥೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಹತ್ತನೆಯ ತರಗತಿಯ ಮಕ್ಕಳೊಡನೆ ಒಂದು ಗಂಟೆ ಕುಳಿತು, ಯಾವ ಪರೀಕ್ಷೆಗೆ ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕೆಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೂ ಸಾಕು. ಆ ಗಂಟೆಯ ಬೆಲೆಯನ್ನು ಹಣದಲ್ಲಿ ಎಣಿಸಲಾಗದು. ತಿಂಗಳುಗಳು ವರ್ಷ ವರ್ಷಕ್ಕೆ ಸ್ವಲ್ಪ ಹಿಂದುಮುಂದಾಗುವುದರಿಂದ ಪ್ರತಿವರ್ಷವೂ ಹೊಸದಾಗಿ ವಿಚಾರಿಸಿಯೇ ಬರೆಯಬೇಕು.